ಊರಾಚೆ ಲೇಔಟಲ್ಲಿ ಮನೆ ಮಾಡೋ ಮುಂಚೆ, ಮಾಡಿದ ಮೇಲೆ: ಕಳ್ಳರ ವಿಷಯ

ಲೇಔಟಲ್ಲಿ ಮನೆ ನೋಡಲು ನಾವೆಲ್ಲ ಹೋಗುವುದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಒಳ್ಳೇ ಬಿಸಿಲಿರುತ್ತದೆ, ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ, ಬ್ರೋಕರ್ "ತುಂಬಾ ಡೀಸೆಂಟ್ ಏರಿಯಾ ಸಾರ್" ಅಂತಾನೆ. ನಾನೂ ಹಾಗೇ ನೋಡಿ ಅಡ್ವಾನ್ಸ್ ಕೊಟ್ಟೆ. ನಾಲ್ಕನೇ ತಿಂಗಳಿಗೆ ಗೇಟಿನ ಒಳಗಿದ್ದ ಬೈಕ್ ಹೋಯಿತು. ಆಮೇಲೆ ಕಲಿತದ್ದು ಇಷ್ಟು. ಬೆಂಗಳೂರಿನ ಅಂಚಿನ ಲೇಔಟ್‌ಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು, ಆದರೆ ಮೈಸೂರು, ಹುಬ್ಬಳ್ಳಿ ಕಡೆಯವರಿಗೂ ಹೆಚ್ಚುಕಮ್ಮಿ ಇದೇ.

ಮೊದಲು, ರಾತ್ರಿ ಒಂಬತ್ತೂವರೆಗೆ ಹೋಗಿ. ಗಾಡಿಯಲ್ಲಲ್ಲ, ಬಸ್ ಸ್ಟಾಪಿನಿಂದ ಮನೆವರೆಗೆ ನಡೆದು. ಎಷ್ಟು ಕಂಬದಲ್ಲಿ ದೀಪ ಉರಿಯುತ್ತಿದೆ, ಎಷ್ಟು ಖಾಲಿ ಸೈಟಲ್ಲಿ ಪಾರ್ಥೇನಿಯಂ ಸೊಂಟದವರೆಗೆ ಬೆಳೆದಿದೆ, ಅರ್ಧಕ್ಕೆ ನಿಂತ ಕಟ್ಟಡದ ಹತ್ತಿರ ಬಾಟಲಿ ಬಿದ್ದಿವೆಯಾ, ಇದೆಲ್ಲ ಹಗಲು ಕಾಣುವುದೇ ಇಲ್ಲ. ಆಮೇಲೆ ಇಸ್ತ್ರಿ ಅಂಗಡಿಯವರನ್ನು ಮಾತಾಡಿಸಿ. ಯಾರ ಮನೆಗೆ ಕಳ್ಳ ಬಂದಿದ್ದ, ಯಾರದ್ದು ಸರ ಹೋಯಿತು, ಯಾವ ಮನೆಯವರು ಇಡೀ ವರ್ಷ ಅಮೆರಿಕದಲ್ಲಿರುತ್ತಾರೆ, ಎಲ್ಲ ಅವರಿಗೆ ಗೊತ್ತು. (ಅವರಿಗೆ ಗೊತ್ತಿದೆ ಅಂದರೆ ಬೇರೆಯವರಿಗೂ ಗೊತ್ತಿರುತ್ತದೆ ಅನ್ನೋದು ಬೇರೆ ಮಾತು.)

ದಾಖಲೆ ನೋಡಬೇಕಾ? ನೋಡಬಹುದು. ಎಫ್‌ಐಆರ್‌ಗಳನ್ನು ವೆಬ್‌ಸೈಟಲ್ಲಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಕರ್ನಾಟಕ ಪೊಲೀಸರ ವೆಬ್‌ಸೈಟಲ್ಲಿ ಠಾಣೆ ಆರಿಸಿ ಹುಡುಕಬಹುದು. ಎಫ್‌ಐಆರ್ ನಂಬರು ಪ್ರತಿ ವರ್ಷ ಒಂದರಿಂದ ಶುರುವಾಗುತ್ತದೆ, ಹಾಗಾಗಿ ಡಿಸೆಂಬರ್ ಕೊನೆಯ ನಂಬರು ನೋಡಿದರೆ ಆ ಠಾಣೆಯ ವರ್ಷದ ಲೆಕ್ಕ ಸಿಕ್ಕಿತು. ಆದರೆ ನಂಬರು ದೊಡ್ಡದಿದೆ ಅಂತ ಹೆದರಬೇಡಿ. ಅದರಲ್ಲಿ ಮನುಷ್ಯ ಕಾಣೆ, ಜಗಳ, ಸೈಟಿನ ತಕರಾರು ಎಲ್ಲ ಸೇರಿರುತ್ತವೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳು ಅಲ್ಲಿ ಕಾಣುವುದಿಲ್ಲ. ನಿಮಗೆ ಬೇಕಾದದ್ದು ಮನೆಗಳ್ಳತನ, ಸರಗಳ್ಳತನ, ವಾಹನ ಕಳವು. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ: ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನ ಅಂದರೆ ಕಲಂ 303, ಕಿತ್ತುಕೊಂಡು ಓಡಿದರೆ 304, ಮನೆಯೊಳಗಿನ ಕಳ್ಳತನ 305. ಇವು ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ ಆಗಿವೆ ಅಂತ ಹತ್ತು ಎಫ್‌ಐಆರ್ ಓದಿದರೆ ಸಾಕು, ಒಂದು ಅಂದಾಜು ಬರುತ್ತದೆ.

ಮನೆಗೆ ಬಂದ ವಾರವೇ ಬೀಟ್ ಪೊಲೀಸರ ನಂಬರ್ ತೆಗೆದುಕೊಳ್ಳಿ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾದ ಮೇಲೆ ಅವರೇ ಬಂದು ಮಾತಾಡಿಸಿದರೂ ಮಾತಾಡಿಸಬಹುದು. ಬರಲಿಲ್ಲ ಅಂದರೆ ನೀವೇ ಹೋಗಿ ಕೇಳಿ, ಸಂಕೋಚ ಬೇಡ. ತುರ್ತು ಅಂದರೆ 112. ಬೆಂಗಳೂರಲ್ಲಿ ಹೊಯ್ಸಳ, ಅಂದರೆ ಪೊಲೀಸರ ಗಸ್ತು ಗಾಡಿ ಬರುತ್ತದೆ. ವಿಳಾಸ ಹೇಳುವಾಗ "ಮೂರನೇ ಕ್ರಾಸ್" ಅಂದರೆ ಆಗಲ್ಲ, ಇಂಥ ಲೇಔಟ್‌ಗಳಲ್ಲಿ ನಾಲ್ಕು ಮೂರನೇ ಕ್ರಾಸ್ ಇರುತ್ತವೆ. ಹತ್ತಿರದ ದೇವಸ್ಥಾನವೋ, ನೀರಿನ ಟ್ಯಾಂಕೋ ಹೇಳಿ. ಬೀದಿ ದೀಪಕ್ಕೆ ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿದ್ದರೆ 1533, ಇಲ್ಲ ಅಂದರೆ ಪಂಚಾಯ್ತಿ. ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ ಅಂದರೆ ಎರಡೂ ಕಡೆ ಅಲೆಸುತ್ತಾರೆ, ಆಗ ನಾಲ್ಕು ಮನೆಯವರು ಸೇರಿ ಒಂದು ಬಲ್ಬ್ ಹಾಕಿಸಿಕೊಳ್ಳುವುದೇ ಬೇಗ.

ಇನ್ನು ಊರಿಗೆ ಹೋಗುವ ವಿಷಯ. ನಮ್ಮ ಬೀದಿಯಲ್ಲಿ ಮನೆ ಖಾಲಿ ಇದೆ ಅಂತ ಹೇಳುವುದು ಬೀಗವಲ್ಲ, ರಂಗೋಲಿ. ಬೆಳಿಗ್ಗೆ ಏಳಕ್ಕೆ ಸಾಲಾಗಿ ಎಲ್ಲರ ಬಾಗಿಲಿಗೂ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಾರೆ, ಒಂದು ಮನೆ ಮುಂದೆ ಮಾತ್ರ ಮೂರು ದಿನದ ಧೂಳು, ಗೇಟಿಗೆ ಸಿಕ್ಕಿಸಿದ ಮೂರು ಪೇಪರ್. ಇನ್ನೇನು ಬೇಕು ಹೇಳಿ? ಮನೆಕೆಲಸದವರಿಗೋ ಪಕ್ಕದ ಮನೆಯವರಿಗೋ ಹೇಳಿ, ನೀವಿಲ್ಲದಾಗಲೂ ಬಾಗಿಲಿಗೆ ನೀರು ಬೀಳಬೇಕು. ಪೇಪರ್, ಹಾಲು ನಿಲ್ಲಿಸಿ. ಗ್ರಿಲ್ಲಿನ ಬೀಗ ಹೊರಗೆ ನೇತಾಡದಂತೆ ಒಳಮುಖವಾಗಿ ಹಾಕಿ. ಹಗಲೂ ರಾತ್ರಿ ಉರಿಯುವ ಪೋರ್ಟಿಕೋ ಲೈಟ್ ಸುಮ್ನೆ ದಂಡ, ಮಧ್ಯಾಹ್ನ ಉರಿಯುತ್ತಿದ್ದರೆ ಅದೂ ಒಂದು ಬೋರ್ಡು ಹಾಕಿದ ಹಾಗೆ. ಕೀಯನ್ನು ಶೂ ರ್‍ಯಾಕ್, ಮೀಟರ್ ಬಾಕ್ಸ್, ತುಳಸಿ ಕಟ್ಟೆ ಎಲ್ಲೂ ಇಡಬೇಡಿ, ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿಗೆ. ಒಡವೆ ಲಾಕರಲ್ಲಿರಲಿ, ಬೀರುವಿನಲ್ಲಿ ಬೇಡ. ಠಾಣೆಗೂ ಒಂದು ಮಾತು ಹೇಳಿ ಹೋಗಿ. ಮತ್ತೆ, ಕುಕ್ಕೆಯಿಂದ ಸ್ಟೇಟಸ್ ಹಾಕುವುದನ್ನು ಮನೆಗೆ ಬಂದ ಮೇಲೆ ಮಾಡಿ.

ಕ್ಯಾಮೆರಾ ಹಾಕಿಸಿ, ಆದರೆ ಹಾಕಿಸಿ ಮರೆಯಬೇಡಿ. ನನ್ನ ಬೈಕ್ ಹೋದಾಗ ಎದುರು ಮನೆಯವರ ಕ್ಯಾಮೆರಾ ಇತ್ತು, ಖುಷಿಯಾಯಿತು. ನೋಡಿದರೆ ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದೆ. ರಾತ್ರಿ ಕ್ಯಾಮೆರಾದ ಬೆಳಕೇ ಆ ಬಲೆಗೆ ಬಡಿದು ಪರದೆಯೆಲ್ಲ ಬಿಳಿ ಬಿಳಿ, ಒಂದು ನೆರಳು ದಾಟಿದ್ದಷ್ಟೇ ಗೊತ್ತಾಗುತ್ತದೆ. ಅದರ ಗಡಿಯಾರ ಬೇರೆ 47 ನಿಮಿಷ ಮುಂದಿತ್ತು, ಮುಂದಿನ ಕ್ರಾಸಿನ ಕ್ಯಾಮೆರಾ ಜೊತೆ ತಾಳೆ ಹಾಕಲು ಅರ್ಧ ದಿನ ಹೋಯಿತು. ತಿಂಗಳಿಗೊಮ್ಮೆ ಬಟ್ಟೆಯಲ್ಲಿ ಒರೆಸಿ, ಟೈಮ್ ಸರಿ ಮಾಡಿ, ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ನೋಡಿ. ಕ್ಯಾಮೆರಾ ಗೇಟಿನ ಕಡೆ ತಿರುಗಿರಲಿ, ಪಕ್ಕದವರ ಬಚ್ಚಲ ಕಿಟಕಿ ಕಡೆ ಅಲ್ಲ.

ವಾಟ್ಸಾಪ್ ಗ್ರೂಪಲ್ಲಿ "ನಮ್ಮ ಏರಿಯಾಗೆ ಮಕ್ಕಳ ಕಳ್ಳರು ಬಂದಿದ್ದಾರೆ" ಅಂತ ಯಾರದ್ದೋ ಫೋಟೋ ಬಂದರೆ ಫಾರ್ವರ್ಡ್ ಮಾಡಬೇಡಿ, 112ಕ್ಕೆ ಫೋನ್ ಮಾಡಿ. 2018ರಲ್ಲಿ ಇಂಥದ್ದೇ ಸುದ್ದಿ ನಂಬಿ ಬೆಂಗಳೂರಲ್ಲಿ ಒಬ್ಬರನ್ನು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬರನ್ನು ಜನ ಹೊಡೆದು ಕೊಂದರು.

ಇಷ್ಟೆಲ್ಲ ಮಾಡಿಯೂ ಕಳವಾದರೆ? ಮುಟ್ಟಬೇಡಿ, ಒರೆಸಬೇಡಿ, ಬೆರಳಚ್ಚು ತೆಗೆಯುವವರು ಬರಲಿ. ದೂರು ಬರೆಯುವಾಗ ಒಂದು ಪದದ ಮೇಲೆ ಕಣ್ಣಿರಲಿ. ನನ್ನ ದೂರಿನಲ್ಲಿ ಬೈಕ್ "ಕಳೆದುಹೋಗಿದೆ" ಅಂತ ಬರೆಸಲು ನೋಡಿದರು. ಅದು ಕಳೆದುಹೋದದ್ದಲ್ಲ, "ಕಳುವಾಗಿದೆ" ಅಂತ ಅಲ್ಲೇ ಕೂತು ತಿದ್ದಿಸಿದೆ. ಕಳೆದುಹೋದದ್ದಕ್ಕೆ ಬರೀ ಸ್ವೀಕೃತಿ ಸಿಗುತ್ತದೆ, ಎಫ್‌ಐಆರ್ ಆಗಲ್ಲ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ತಗೊಳ್ಳಿ. ಠಾಣೆಯವರು "ನಮ್ಮ ವ್ಯಾಪ್ತಿಯಲ್ಲ" ಅಂದರೆ ಜೀರೋ ಎಫ್‌ಐಆರ್ ಕೇಳಿ, ಅಂದರೆ ಯಾವ ಠಾಣೆಯಲ್ಲಾದರೂ ದಾಖಲಿಸಿ ಆಮೇಲೆ ಸರಿಯಾದ ಠಾಣೆಗೆ ಕಳಿಸುವ ಎಫ್‌ಐಆರ್. ತೆಗೆದುಕೊಳ್ಳಲೇ ಇಲ್ಲ ಅಂದರೆ ಎಸ್‌ಪಿ ಅಥವಾ ಡಿಸಿಪಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಕಾನೂನಲ್ಲೇ ಇದೆ.

ಬೈಕ್ ಸಿಗಲಿಲ್ಲ. ಪತ್ತೆಯಾಗಿಲ್ಲ ಅಂತ ಪೊಲೀಸರು ಕೊಡುವ ಸಿ ರಿಪೋರ್ಟ್ ಹಿಡಿದು ಇನ್ಶೂರೆನ್ಸ್‌ಗೆ ಹೋದರೆ ಅವರು ಗಾಡಿಯ ಎರಡೂ ಕೀ ಕೇಳಿದರು. ಎರಡನೇ ಕೀ ಹುಡುಕಲು ನನಗೆ ಮೂರು ದಿನ ಬೇಕಾಯಿತು, ಅಕ್ಕಿ ಡಬ್ಬದ ಹಿಂದೆ ಬಿದ್ದಿತ್ತು. ನಿಮ್ಮದು ಎಲ್ಲಿದೆ ಅಂತ ಇವತ್ತೇ ಒಮ್ಮೆ ನೋಡಿಬಿಡಿ.