ಬೀಗವಿಲ್ಲದ ಇ-ರೀಡರ್: ಕೊನೆಗೂ ನನಗೆ ಒಗ್ಗಿದ್ದು

ಹಳೇ ಕೋಬೋ ಕ್ಲಾರಾ ಎಚ್‌ಡಿ ಅನ್ನುವ ಇ-ರೀಡರ್ ಕೊಂಡು ಕೋರೀಡರ್ ಅನ್ನುವ ಮುಕ್ತ ಓದುವ ಪ್ರೋಗ್ರಾಂ ಹಾಕಿಕೊಳ್ಳುತ್ತೇನೆ, ಡಿಆರ್‌ಎಂ (ಪುಸ್ತಕದ ನಕಲು ತಡೆಯುವ ಡಿಜಿಟಲ್ ಬೀಗ) ಇರುವ ಒಂದು ಪುಸ್ತಕವನ್ನೂ ಮುಟ್ಟುವುದಿಲ್ಲ ಅಂದಾಗ ಗೆಳೆಯರು ನಂಬಲಿಲ್ಲ. ತಿಂಗಳೊಳಗೆ ಮೂಲೆ ಸೇರುತ್ತೆ ಅಂದರು. ಮೂರ್ನಾಲ್ಕು ವರ್ಷವಾಯಿತು, ದಿನಾ ಅದರಲ್ಲೇ ಓದುತ್ತೇನೆ.

ಅದಕ್ಕೂ ಮುಂಚೆ ದುಡ್ಡು ಸಾಕಷ್ಟು ಹೋಗಿದೆ. ಮೊದಲು ಕೊಂಡಿದ್ದು ದೊಡ್ಡ ಪರದೆಯ ಆಂಡ್ರಾಯ್ಡ್ ಯಂತ್ರ. ಪರದೆ ಚೆಂದ. ಆದರೆ ಕರ್ನಲ್ ಸೋರ್ಸ್ (ಯಂತ್ರ ನಡೆಸುವ ಮೂಲ ತಂತ್ರಾಂಶದ ಕೋಡು) ಕೇಳಿದರೆ ಕಂಪನಿಯಿಂದ ಉತ್ತರವೇ ಇಲ್ಲ, ಅಪ್‌ಡೇಟೂ ನಿಂತಿತು. ಹೆಚ್ಚುಕಮ್ಮಿ ಅರ್ಧ ಬೆಲೆಗೆ ಮಾರಿದೆ. ಆಮೇಲೆ ಬೇರೊಂದು ಕಂಪನಿಯ ರೀಡರಿಗೆ ಜೈಲ್‌ಬ್ರೇಕ್ ಮಾಡಿದೆ, ಅಂದರೆ ಕಂಪನಿ ಹಾಕಿದ ಬೀಗ ಮುರಿದೆ. ಒಂದು ದಿನ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ತಾನಾಗೇ ಬದಲಾಯಿತು, ಇದ್ದ ದಾರಿಯೂ ಮುಚ್ಚಿತು.

ಇಷ್ಟೆಲ್ಲ ಹಟ ಯಾಕೆ ಅಂತ ಕೇಳುತ್ತಾರೆ. 2009ರಲ್ಲಿ ಅಮೆಜಾನ್ ತಾನೇ ಮಾರಿದ ಪುಸ್ತಕಗಳನ್ನು ಓದುಗರ ಕಿಂಡಲ್‌ಗಳಿಂದ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ದುಡ್ಡೇನೋ ವಾಪಸ್ ಬಂತು, ಪುಸ್ತಕಗಳು ಹೋದವು. ದುಡ್ಡು ಕೊಟ್ಟ ಪುಸ್ತಕ ನನ್ನ ಹತ್ತಿರವೇ ಇರಬೇಕಲ್ವಾ?

ಹಾಗಾಗಿ ಪರದೆ ನೋಡಿ ಆರಿಸುವುದನ್ನೇ ಬಿಟ್ಟೆ. ಕೇಬಲ್ ಹಾಕಿದರೆ ಪೆನ್ ಡ್ರೈವ್ ಥರ ತೆರೆಯಬೇಕು. ಜೈಲ್‌ಬ್ರೇಕ್ ಇಲ್ಲದೆ ನನ್ನ ಪ್ರೋಗ್ರಾಂ ಓಡಬೇಕು. ಕೋಬೋದಲ್ಲಿ .kobo ಫೋಲ್ಡರಿಗೆ KoboRoot.tgz ಅನ್ನುವ ಫೈಲುಗಳ ಗಂಟು ಹಾಕಿ ಕೇಬಲ್ ಕಿತ್ತರೆ ಯಂತ್ರವೇ ಅದನ್ನು ಬಿಚ್ಚಿಕೊಂಡು ರೀಸ್ಟಾರ್ಟ್ ಆಗುತ್ತೆ. ಕಾನ್ಫಿಗ್ ಫೈಲಿನಲ್ಲಿ SideloadedMode=true ಅಂತ ಬರೆದರೆ ಕೋಬೋ ಖಾತೆಯ ಗೊಡವೆಯೂ ಇಲ್ಲ.

ಕ್ಲಾರಾ ಎಚ್‌ಡಿಯನ್ನೇ ಹುಡುಕಿದ್ದಕ್ಕೆ ಕಾರಣ ಒಳಗಿರುವ ಮೈಕ್ರೋ ಎಸ್‌ಡಿ ಕಾರ್ಡು. ಹಿಂದಿನ ಮುಚ್ಚಳ ಎಬ್ಬಿಸಿದರೆ ಕೈಗೆ ಸಿಗುತ್ತೆ. ಬರುವಾಗ 8 ಜಿಬಿ. ನಾನು 32 ಹಾಕಿದೆ. ಇಲ್ಲಿ ಫೈಲ್ ಕಾಪಿ ಮಾಡಿದರೆ ಸಾಲದು. ಬೂಟ್‌ಲೋಡರ್ (ಯಂತ್ರ ಶುರು ಮಾಡುವ ಪ್ರೋಗ್ರಾಂ), ಕರ್ನಲ್, ಸೀರಿಯಲ್ ನಂಬರ್ ಎಲ್ಲ ಪಾರ್ಟಿಷನ್‌ಗಳಿಗಿಂತ (ಫೈಲು ಇಡುವ ಭಾಗಗಳಿಗಿಂತ) ಮುಂಚಿನ ಜಾಗದಲ್ಲಿವೆ. ಲಿನಕ್ಸಿನ dd ಕಮಾಂಡ್ ಹಾಕಿ ಇಡೀ ಕಾರ್ಡಿನ ಇಮೇಜ್ (ಯಥಾವತ್ ಪ್ರತಿ) ತೆಗೆದು, ಹೊಸ ಕಾರ್ಡಿಗೆ ಬರೆದು, ಕೊನೆಯ ಪಾರ್ಟಿಷನ್ ಹಿಗ್ಗಿಸಬೇಕು. ಆ ಇಮೇಜ್ ಇದ್ದರೆ ಏನು ಕೆಟ್ಟರೂ ಹೆದರಿಕೆ ಇಲ್ಲ. ಹೊಸದರ ಮೂರನೇ ಒಂದು ಭಾಗದಷ್ಟು ದುಡ್ಡಿಗೆ ಸಿಕ್ಕ ಸೆಕೆಂಡ್ ಹ್ಯಾಂಡ್ ಯಂತ್ರ ಇದು, ನೆನಪಿರಲಿ.

ಕನ್ನಡದ ಚಿಂತೆ ಇತ್ತು. ಕೋರೀಡರ್ ಅಕ್ಷರ ಜೋಡಿಸುವುದು ಹಾರ್ಫ್‌ಬಝ್ ಅನ್ನುವ ಲೈಬ್ರರಿಯಿಂದ. ನೋಟೋ ಸೆರಿಫ್ ಕನ್ನಡ ಫಾಂಟನ್ನು koreader/fontsಗೆ ಹಾಕಿ, 'ಸ್ತ್ರೀ', 'ರಾಷ್ಟ್ರ', 'ಸೂರ್ಯ' ಬರೆದ ಸಣ್ಣ ಇಪಬ್ (ಇ-ಪುಸ್ತಕದ ಫೈಲು) ತೆರೆದೆ. ಒತ್ತು, ಅರ್ಕಾವೊತ್ತು ಎಲ್ಲ ಸರಿಯಾಗಿ ಕೂತಿದ್ದವು. ಯಾವ ರೀಡರ್ ಕೊಂಡರೂ ಮೊದಲು ಇದನ್ನೇ ಮಾಡಿ ನೋಡಿ.

ನಡುವೆ ಸುಮ್ನೆ ಇರಲಾರದೆ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಇ-ಇಂಕ್ ಪರದೆ ಕಟ್ಟಿ ಸ್ವಂತ ರೀಡರನ್ನೂ ಮಾಡಿದೆ. ನಾನು ಬಳಸಿದ ಲೈಬ್ರರಿಗೆ ಒತ್ತಕ್ಷರ ಗೊತ್ತಿಲ್ಲ. ಕಂಪ್ಯೂಟರಿನಲ್ಲೇ ಪುಟಗಳನ್ನು ಕಪ್ಪು-ಬಿಳುಪು ಚಿತ್ರ ಮಾಡಿ ಕಳಿಸಿದೆ. ಓದಲು ಬಂತು, ಅಕ್ಷರ ದೊಡ್ಡದು ಮಾಡಲು ಬರಲಿಲ್ಲ. ಈಗ ಅದು ಮೇಜಿನ ಮೇಲೆ ಕ್ಯಾಲೆಂಡರ್ ತೋರಿಸುತ್ತಿದೆ.

ಹಳೇ ಸ್ಕ್ಯಾನ್ ಪಿಡಿಎಫ್‌ಗಳಿಗೆ ಕೋರೀಡರಿನ ರಿಫ್ಲೋ (ಸಾಲುಗಳನ್ನು ಪರದೆಗೆ ತಕ್ಕಂತೆ ಮತ್ತೆ ಜೋಡಿಸುವುದು) ಇದೆ. ಅದಕ್ಕೂ ಮುಂಚೆ ಕಂಪ್ಯೂಟರಿನಲ್ಲಿ ನಾನೇ ಬರೆದ ಸ್ಕ್ರಿಪ್ಟ್ ಓಡಿಸುತ್ತೇನೆ, ಮಾಸಿದ ಪುಟವೂ ಕಡುಕಪ್ಪಾಗಿ ಕಾಣುತ್ತೆ. ಆ ಸ್ಕ್ರಿಪ್ಟ್ ಇನ್ನೂ ಸ್ವಲ್ಪ ತಿದ್ದಬೇಕು, ಆಮೇಲೆ ಕೊಡುತ್ತೇನೆ. ವೈಫೈ ಸದಾ ಆಫ್. ಚಾರ್ಜ್ ಮೂರು ವಾರದ ಆಸುಪಾಸು ಬರುತ್ತೆ.