ಸ್ತನದ ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಹೊಳೆದರೆ ಮುಂದೇನು?

ಸ್ತನ ಕ್ಯಾನ್ಸರ್ ಎಲ್ಲೆಲ್ಲಿಗೆ ಹರಡಿದೆ ಎಂದು ತಿಳಿಯಲು ಮಾಡಿಸಿದ ಪೆಟ್-ಸಿಟಿ (ವಿಕಿರಣ ಬೆರೆತ ಸಕ್ಕರೆಯನ್ನು ಹೆಚ್ಚು ಹೀರುವ ಜಾಗ ಹೊಳೆದು ಕಾಣುವ ಸ್ಕ್ಯಾನ್) ವರದಿಯಲ್ಲಿ ಒಮ್ಮೊಮ್ಮೆ ಥೈರಾಯ್ಡ್ ಬಗ್ಗೆಯೂ ಒಂದು ಸಾಲು ಸಿಗುತ್ತದೆ. ಅದರಲ್ಲಿ ಮೊದಲು ಹುಡುಕಬೇಕಾದ್ದು ಒಂದೇ ಪದ: ಡಿಫ್ಯೂಸ್ ಎಂದಿದೆಯೋ, ಫೋಕಲ್ ಎಂದಿದೆಯೋ?

ಡಿಫ್ಯೂಸ್ ಎಂದರೆ ಹೊಳಪು ಇಡೀ ಗ್ರಂಥಿಗೆ ಹರಡಿದೆ. ಇದು ಬಹುಪಾಲು ಹಶಿಮೊಟೊದಂಥ (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ) ಉರಿಯೂತ. ಪೆಂಬ್ರೊಲಿಜುಮಾಬ್‌ನಂಥ ಇಮ್ಯುನೊಥೆರಪಿ ನಡೆಯುತ್ತಿದ್ದರೆ ಆ ಔಷಧವೇ ಕಾರಣವಿರಬಹುದು. ಟಿಎಸ್ಎಚ್, ಫ್ರೀ ಟಿ4 ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಕೂದಲಿಗೆಂದು ಬಯೊಟಿನ್ ಮಾತ್ರೆ ನುಂಗುತ್ತಿದ್ದರೆ ಕನಿಷ್ಠ 2 ದಿನ ಮೊದಲೇ ನಿಲ್ಲಿಸಿ. ಕೆಲವು ಲ್ಯಾಬ್ ಕಿಟ್‌ಗಳಲ್ಲಿ ಅದು ಟಿಎಸ್ಎಚ್ಚನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

ಫೋಕಲ್, ಅಂದರೆ ಹೊಳಪು ಒಂದೇ ಜಾಗದಲ್ಲಿದ್ದರೆ ಕಡೆಗಣಿಸುವಂತಿಲ್ಲ. ಇಂಥ ಗಂಟುಗಳಲ್ಲಿ ಸುಮಾರು ಮೂರರಲ್ಲಿ ಒಂದು ಕ್ಯಾನ್ಸರ್, ಅದೂ ಹೆಚ್ಚಾಗಿ ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್. ಎಸ್‌ಯುವಿ (ಹೊಳಪಿನ ಅಳತೆ) ಸಂಖ್ಯೆ ನೋಡಿ ಲೆಕ್ಕ ಹಾಕಬೇಡಿ. ನಿರುಪದ್ರವಿ ಗಂಟೂ ಜೋರಾಗಿ ಹೊಳೆಯಬಲ್ಲದು. ಟಿಎಸ್ಎಚ್ ಜತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಆಗಬೇಕು, ಅಕ್ಕಪಕ್ಕದ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ಸೇರಿಸಿ. ಪೆಟ್ ಜತೆಗಿನ ಸಿಟಿ ಇದಕ್ಕೆ ಸಾಲದು. ಟಿಎಸ್ಎಚ್ ಕಡಿಮೆ ಬಂದರೆ ಥೈರಾಯ್ಡ್ ಸ್ಕ್ಯಾನ್ ಬೇಕಾಗುತ್ತದೆ. ಆದರೆ ಸಿಟಿಗೆ ಅಯೋಡಿನ್ ಕಾಂಟ್ರಾಸ್ಟ್ ಕೊಟ್ಟಿದ್ದರೆ ಗ್ರಂಥಿ ಕೆಲವು ವಾರ ಸ್ಕ್ಯಾನಿನ ಔಷಧವನ್ನು ಸರಿಯಾಗಿ ಹೀರುವುದಿಲ್ಲ, ಕಾಯಲೇಬೇಕು.

ಗಂಟು 1 ಸೆಂ.ಮೀ. ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ಎಫ್ಎನ್ಎಸಿ, ಅಂದರೆ ಸೂಜಿ ಪರೀಕ್ಷೆ. ಅಲ್ಟ್ರಾಸೌಂಡ್ ನೋಡಿಕೊಂಡೇ ಸಣ್ಣ ಸೂಜಿಯಿಂದ ಎರಡು-ಮೂರು ಸಲ ಮಾದರಿ ತೆಗೆಯುತ್ತಾರೆ. ರಕ್ತವೇ ಹೆಚ್ಚು ಬಂದರೆ ಬೆಥೆಸ್ಡಾ 1, ಅಂದರೆ ಮಾದರಿ ಸಾಲದು ಎಂದು ವರದಿ ಬರುತ್ತದೆ. ಅದನ್ನು 'ಕ್ಯಾನ್ಸರ್ ಇಲ್ಲ' ಎಂದು ಓದಿಕೊಳ್ಳುವವರೇ ಜಾಸ್ತಿ. ಪರೀಕ್ಷೆ ಮತ್ತೆ ಮಾಡಿಸಬೇಕು. ಲ್ಯಾಬ್ ಫಾರ್ಮಿನಲ್ಲಿ 'ಸ್ತನ ಕ್ಯಾನ್ಸರ್ ಇದೆ' ಎಂದು ಬರೆಸುವುದನ್ನು ಮರೆಯಬೇಡಿ. ಸ್ತನದ ಗಡ್ಡೆ ಥೈರಾಯ್ಡಿಗೆ ಹರಡುವುದು ಅಪರೂಪ, ಆದರೆ ಇದೆ. ವಿಷಯ ಗೊತ್ತಿದ್ದರೆ ಪೆಥಾಲಜಿಸ್ಟ್ ಗಾಟಾ3, ಪ್ಯಾಕ್ಸ್8 ಎಂಬ ಪ್ರೋಟೀನ್‌ಗಳನ್ನು ಗುರುತಿಸುವ ಬಣ್ಣ ಹಾಕಿ ಮೂಲ ಯಾವುದೆಂದು ಬೇರ್ಪಡಿಸುತ್ತಾರೆ.

ಮೂಳೆ ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಕಂಡರೆ ಕತೆ ಬೇರೆ. ಜೊಲ್ಲುಗ್ರಂಥಿ, ಹೊಟ್ಟೆಯೂ ಜತೆಗೇ ಹೊಳೆದಿದ್ದರೆ ಸ್ಕ್ಯಾನಿನ ಔಷಧಕ್ಕೆ ಅಂಟದೆ ಉಳಿದ ಟೆಕ್ನೀಷಿಯಮ್ಮೇ (ವಿಕಿರಣ ಸೂಸುವ ಧಾತು) ಸಾಮಾನ್ಯವಾಗಿ ಕಾರಣ. ಸ್ತನದ ಸೆಸ್ಟಮಿಬಿ ಸ್ಕ್ಯಾನ್‌ನ ಔಷಧವನ್ನಂತೂ ಆರೋಗ್ಯವಂತ ಥೈರಾಯ್ಡೂ ಹೀರುತ್ತದೆ.

ಪ್ಯಾಪಿಲರಿ ಎಂದೇ ಬಂದರೂ ಅದು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದ್ದು. ಅದಕ್ಕಾಗಿ ಕೀಮೊ ಮುಂದೂಡುವ ಅಗತ್ಯ ಬಹುತೇಕ ಬೀಳುವುದಿಲ್ಲ. ಸ್ತನ ಕ್ಯಾನ್ಸರ್ ಆಗಲೇ ದೂರದ ಅಂಗಗಳಿಗೆ ಹರಡಿದ್ದರೆ ಸೂಜಿ ಪರೀಕ್ಷೆಯೇ ಬೇಕೇ ಎಂದು ಆಂಕಾಲಜಿಸ್ಟರನ್ನು ಕೇಳಿ.