ಮೂಗಿಗಿಂತ ಮೂಗುತಿ ಭಾರವಾಗದಂತೆ ವೇಗಾಸ್ ನೋಡುವುದು ಹೇಗೆ

ಲಾಸ್ ವೇಗಾಸ್‌ನಲ್ಲಿ ಒಂದು ರಾತ್ರಿಗೆ 39 ಡಾಲರ್‌ಗೆ ರೂಮು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ, ಅರ್ಧ ಲೆಕ್ಕ. ಆ 39ಕ್ಕೆ 45 ಡಾಲರ್ ರೆಸಾರ್ಟ್ ಫೀ (ಹೋಟೆಲು ದಿನಕ್ಕೆ ಇಷ್ಟೆಂದು ಕಡ್ಡಾಯವಾಗಿ ಹಾಕುವ ಶುಲ್ಕ) ಸೇರಿತು ಎನ್ನಿ, 84 ಆಯಿತು. ಅದರ ಮೇಲೆ ಶೇ 13.38ರಷ್ಟು ರೂಮಿನ ತೆರಿಗೆ. ಕೊನೆಗೆ ಕೈಯಿಂದ ಹೋಗುವುದು 95 ಡಾಲರ್ ಚಿಲ್ಲರೆ. ಮೂಗಿಗಿಂತ ಮೂಗುತಿ ಭಾರ.

ಒಂದು ಕಾಲದಲ್ಲಿ ಇಲ್ಲಿನ ಹೋಟೆಲುಗಳು ರೂಮು, ಊಟ ಎರಡನ್ನೂ ಅಗ್ಗಕ್ಕೆ ಕೊಟ್ಟು, ಜೂಜಿನ ಮೇಜಿನಲ್ಲಿ ಅದನ್ನು ವಸೂಲು ಮಾಡುತ್ತಿದ್ದವು. ಈಗ ಸ್ಟ್ರಿಪ್‌ನ (ದೊಡ್ಡ ಹೋಟೆಲುಗಳು ಸಾಲಾಗಿ ನಿಂತಿರುವ ಮುಖ್ಯ ರಸ್ತೆ) ದೊಡ್ಡ ಹೋಟೆಲುಗಳ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರೂಮು, ಊಟ, ಶೋಗಳದ್ದು. ಹಾಗಾಗಿ ‘ನಾವು ಜೂಜಾಡುವುದಿಲ್ಲ, ನಮಗೇನು ಖರ್ಚು’ ಎಂದುಕೊಂಡು ಹೋಗುವ ಕುಟುಂಬಗಳೇ ಹೆಚ್ಚು ಕಳೆದುಕೊಳ್ಳುವುದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಸ್ಯಾನ್ ಹೋಸೆಯಿಂದಲೋ ಲಾಸ್ ಏಂಜಲೀಸ್‌ನಿಂದಲೋ ಹೊರಡುವವರೂ, ಕಂಪನಿ ಕೆಲಸಕ್ಕೆ ಬೆಂಗಳೂರಿನಿಂದ ಬಂದು ಎರಡು ದಿನ ಉಳಿಸಿಕೊಂಡವರೂ ಕೆಳಗಿನ ಕ್ರಮದಲ್ಲೇ ಯೋಜನೆ ಹಾಕುವುದು ಒಳ್ಳೆಯದು.

ಮೊದಲು ದಿನಾಂಕ, ಆಮೇಲೆ ಹೋಟೆಲು

ಈ ಊರಿನಲ್ಲಿ ಬೆಲೆ ನಿರ್ಧಾರವಾಗುವುದು ಹೋಟೆಲಿನ ಹೆಸರಿನಿಂದಲ್ಲ, ಕ್ಯಾಲೆಂಡರಿನಿಂದ. ಅದೇ ರೂಮು ಮಂಗಳವಾರ ಒಂದು ಬೆಲೆಗೆ, ಶನಿವಾರ ಅದರ ಮೂರು ಪಟ್ಟಿಗೆ ಹೋಗುವುದು ಇಲ್ಲಿ ಮಾಮೂಲು. ಭಾನುವಾರ ಮಧ್ಯಾಹ್ನ ಊರೊಳಗೆ ಬಂದು ಬುಧವಾರವೋ ಗುರುವಾರವೋ ಹೊರಡುವಂತೆ ನೋಡಿಕೊಳ್ಳಿ.

ವಾರದ ನಡುವೆಯೂ ಬೆಲೆ ಏರುವ ದಿನಗಳಿವೆ. ಜನವರಿಯ ಮೊದಲ ಭಾಗದಲ್ಲಿ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳ, ನವೆಂಬರಿನಲ್ಲಿ ಫಾರ್ಮುಲಾ ಒನ್ ಕಾರು ಓಟ (2023ರಿಂದ ಸ್ಟ್ರಿಪ್‌ನ ರಸ್ತೆಯ ಮೇಲೇ ನಡೆಯುತ್ತಿದೆ, ವಾರಗಟ್ಟಲೆ ಮೊದಲೇ ರಸ್ತೆ ಕೆಲಸ ಶುರು), ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ವಾರಾಂತ್ಯ, ಹೊಸ ವರ್ಷ. ಇವನ್ನು ತಪ್ಪಿಸಿ. ಅಗ್ಗದ ಕಾಲವೆಂದರೆ ಕ್ರಿಸ್‌ಮಸ್‌ಗೆ ಮುಂಚಿನ ಡಿಸೆಂಬರ್ ವಾರಗಳು. ಹಗಲು 14 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ ಮೂರು ನಾಲ್ಕಕ್ಕೆ ಇಳಿಯುತ್ತದೆ. ಸ್ವೆಟರ್ ಸಾಕಾಗುವುದಿಲ್ಲ, ಜಾಕೆಟ್ ಬೇಕು. ಜುಲೈಯಲ್ಲೂ ರೂಮು ಅಗ್ಗ, ಆದರೆ ಹಗಲಿನ ಸರಾಸರಿ ಉಷ್ಣಾಂಶವೇ 40 ಡಿಗ್ರಿ. 2024ರ ಜುಲೈ 7ರಂದು 48.9 ಡಿಗ್ರಿ ಮುಟ್ಟಿತ್ತು. ರಾಯಚೂರಿನ ಬಿಸಿಲು ಕಂಡವರಿಗೂ ಅದು ತಮಾಷೆಯಲ್ಲ. ವಯಸ್ಸಾದವರು ಜೊತೆಗಿದ್ದರೆ ಬೇಸಿಗೆ ಬೇಡವೇ ಬೇಡ.

ರೂಮು ಬುಕ್ ಮಾಡುವಾಗ

2025ರ ಮೇ 12ರಿಂದ ಅಮೆರಿಕದಲ್ಲಿ ಹೊಸ ನಿಯಮ ಬಂದಿದೆ. ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿಯೇ ಹೋಟೆಲುಗಳು ಬೆಲೆ ತೋರಿಸಬೇಕು. ಒಳ್ಳೆಯದೇ. ಆದರೆ ಸರ್ಕಾರದ ತೆರಿಗೆಯನ್ನು ಮೊದಲ ಪುಟದಲ್ಲಿ ಬಿಡಲು ಅವಕಾಶವಿದೆ. ಆದ್ದರಿಂದ ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗಿ, ಅಲ್ಲಿನ ಮೊತ್ತವನ್ನೇ ಹೋಲಿಸಿ. ‘ನಿಮಗೆ ಎರಡು ರಾತ್ರಿ ಉಚಿತ’ ಎಂದು ಹೋಟೆಲಿನ ಸದಸ್ಯತ್ವದ ಮೇಲೆ ಬರುವ ಇಮೇಲ್‌ಗಳಲ್ಲೂ ರೆಸಾರ್ಟ್ ಫೀ ಬಹುತೇಕ ಉಚಿತವಲ್ಲ.

ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲಿ ಬುಕ್ ಮಾಡಿ, ಆಮೇಲೆ ವಾರಕ್ಕೊಮ್ಮೆ ಬೆಲೆ ನೋಡುತ್ತಿರಿ. ಇಳಿದಿದ್ದರೆ ಹೊಸದಾಗಿ ಬುಕ್ ಮಾಡಿ ಹಳೆಯದನ್ನು ಬಿಡಿ. ವೇಗಾಸ್‌ನಲ್ಲಿ ಲಕ್ಷಕ್ಕೂ ಹೆಚ್ಚು ರೂಮುಗಳಿರುವುದರಿಂದ ಈ ಉಪಾಯ ಇಲ್ಲಿ ಫಲಿಸುವಷ್ಟು ಬೇರೆ ಕಡೆ ಫಲಿಸುವುದಿಲ್ಲ.

ಕಾರು ತರುವವರು ಪಾರ್ಕಿಂಗ್ ಶುಲ್ಕವನ್ನೂ ರೂಮಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಎಂಜಿಎಂ ಎಂಬ ಹೋಟೆಲು ಕಂಪನಿ 2016ರಲ್ಲಿ ಶುರು ಮಾಡಿದ ಮೇಲೆ ಸ್ಟ್ರಿಪ್‌ನಲ್ಲಿ ಅದೇ ರೂಢಿಯಾಯಿತು.

ಚೆಕ್ ಇನ್ ಮಾಡುವಾಗ ಕ್ರೆಡಿಟ್ ಕಾರ್ಡ್ ಕೊಡಿ, ಡೆಬಿಟ್ ಕಾರ್ಡ್ ಬೇಡ. ದಿನಕ್ಕೆ ಇಷ್ಟು ಎಂದು ಮುಂಗಡವಾಗಿ ಹಿಡಿದಿಡುತ್ತಾರೆ. ಕ್ರೆಡಿಟ್ ಕಾರ್ಡಾದರೆ ಮಿತಿ ಮಾತ್ರ ಕಡಿಮೆಯಾಗುತ್ತದೆ, ಡೆಬಿಟ್ ಕಾರ್ಡಾದರೆ ನಿಮ್ಮ ಖಾತೆಯ ದುಡ್ಡೇ ದಿನಗಟ್ಟಲೆ ಕೈಗೆ ಸಿಗುವುದಿಲ್ಲ.

ಇನ್ನು ರೂಮಿನೊಳಗೆ. ಟಿವಿಯ ಕೆಳಗೆ ಚಾಕೊಲೇಟ್, ಚಿಪ್ಸ್, ಪುಟ್ಟ ಬಾಟಲಿಗಳನ್ನು ಜೋಡಿಸಿಟ್ಟ ತಟ್ಟೆ ಇರುತ್ತದೆ. ಪಕ್ಕದಲ್ಲಿ ಫ್ರಿಜ್. ಇದೇ ಮಿನಿಬಾರ್. ಹಲವು ಹೋಟೆಲುಗಳಲ್ಲಿ ಆ ತಟ್ಟೆಯ ಅಡಿಯಲ್ಲೂ ಫ್ರಿಜ್ಜಿನ ಒಳಗೂ ಸೆನ್ಸರ್ ಕೂತಿರುತ್ತದೆ. ಬಾಟಲಿ ಎತ್ತಿ ಬೆಲೆ ಓದಿ, ಒಂದು ನಿಮಿಷ ತಡವಾಗಿ ವಾಪಸ್ ಇಟ್ಟರೂ ಅದು ಬಿಲ್ಲಿಗೆ ಏರಿರುತ್ತದೆ. ಮಗುವಿನ ಹಾಲಿಡಲು ಜಾಗ ಮಾಡೋಣವೆಂದು ಅಮ್ಮ ನಾಲ್ಕು ಕ್ಯಾನ್‌ಗಳನ್ನು ತೆಗೆದು ಮೇಜಿನ ಮೇಲಿಟ್ಟರೆ ನಾಲ್ಕರದ್ದೂ ಬಿಲ್ಲು. ರೂಮಿಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಇದನ್ನು ಹೇಳಿಬಿಡಿ. ಔಷಧಿ, ಹಾಲು ಇಡಲು ಬೇರೆ ಫ್ರಿಜ್ ಬೇಕೆಂದು ಕೌಂಟರಿನಲ್ಲಿ ಕೇಳಿ. ಬಾಡಿಗೆ ಎಷ್ಟೆಂದು ಮೊದಲೇ ಖಚಿತ ಮಾಡಿಕೊಳ್ಳಿ.

ಹೊಟ್ಟೆಯ ವ್ಯವಸ್ಥೆ

ಸ್ಟ್ರಿಪ್‌ನ ಬಹುತೇಕ ರೂಮುಗಳಲ್ಲಿ ಕೆಟಲ್ ಇರುವುದಿಲ್ಲ, ಮೈಕ್ರೋವೇವ್ ಇರುವುದಿಲ್ಲ. ಕಾರಣ ಸರಳ: ನೀವು ಕೆಳಗೆ ಬಂದು ಕಾಫಿಗೆ ದುಡ್ಡು ಕೊಡಬೇಕು. ಆದ್ದರಿಂದ ಬಿಸಿನೀರು ಹಾಕಿ ಮಾಡುವ ಉಪ್ಪಿಟ್ಟಿನ ಪೊಟ್ಟಣಗಳನ್ನು ಕಟ್ಟಿಕೊಂಡು ಹೋದರೆ ಬಿಸಿನೀರಿಗಾಗಿ ಕೆಳಗಿನ ಕಾಫಿ ಅಂಗಡಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಬಿಸಿ ಮಾಡದೆ ತಿನ್ನುವಂಥದ್ದೇ ಒಳ್ಳೆಯದು: ಚಪಾತಿ–ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಮೊದಲ ದಿನಕ್ಕೆ ಪುಳಿಯೋಗರೆ. ಬರುವಾಗಲೇ ಊರ ಹೊರಗಿನ ಸೂಪರ್ ಮಾರ್ಕೆಟ್ಟಿನಲ್ಲಿ ನೀರು, ಬಾಳೆಹಣ್ಣು, ಮೊಸರು ಕೊಂಡುಬಿಡಿ. ಹೋಟೆಲಿನ ಅಂಗಡಿಯ ಒಂದೇ ಬಾಟಲಿ ನೀರಿನ ದುಡ್ಡಿಗೆ ಅಲ್ಲಿ 24 ಬಾಟಲಿಯ ಒಂದು ಕಟ್ಟು ಬರುತ್ತದೆ.

ಅಗ್ಗದ ಬಫೆಯ ಕಾಲ ಮುಗಿಯಿತು. ಉಳಿದಿರುವ ಕೆಲವು ದೊಡ್ಡ ಬಫೆಗಳ ಬೆಲೆಯ ಬಹುಪಾಲು ಏಡಿ, ಸೀಗಡಿ, ಮಾಂಸಕ್ಕೆ ಹೋಗುತ್ತದೆ. ಸಸ್ಯಾಹಾರಿಗಳು ಅದಕ್ಕೆ ದುಡ್ಡು ಕೊಡುವುದು ಶುದ್ಧ ನಷ್ಟ. ಮೆಕ್ಸಿಕನ್ ಅಂಗಡಿಯಲ್ಲಿ ಬೀನ್ಸ್ ತಿನ್ನುವ ಮೊದಲು ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿ, ತರಕಾರಿ ಸೂಪಿನಲ್ಲಿ ಕೋಳಿಯ ಸಾರಿದೆಯೇ ಎಂದೂ ಕೇಳಿ. ಬಿಲ್ಲು ಬಂದಾಗ ಮೊತ್ತ ನೋಡಿ ಬಿಡಬೇಡಿ, ಸಾಲುಗಳನ್ನು ಓದಿ. ಕೆಲವೆಡೆ ಟಿಪ್ಸ್ ಮೊದಲೇ ಸೇರಿಸಿರುತ್ತಾರೆ, ಗೊತ್ತಿಲ್ಲದೆ ಎರಡನೇ ಸಲ ಕೊಡುವವರು ಬಹಳ.

ಓಡಾಟ

ವಿಮಾನ ನಿಲ್ದಾಣ ಸ್ಟ್ರಿಪ್‌ಗೆ ತೀರ ಹತ್ತಿರ. ಅಲ್ಲಿಂದ ಸ್ಟ್ರಿಪ್‌ನ ಹೋಟೆಲುಗಳಿಗೆ ಟ್ಯಾಕ್ಸಿಗೆ ವಲಯವಾರು ನಿಗದಿತ ದರವಿದೆ. ಹತ್ತುವಾಗಲೇ ‘ಫ್ಲ್ಯಾಟ್ ರೇಟ್’ ಎಂದು ಹೇಳಿ. ಇಲ್ಲದಿದ್ದರೆ ದೂರದ ಸುತ್ತಾದ ಸುರಂಗದ ಹೆದ್ದಾರಿ ಹಿಡಿದು ಮೀಟರ್ ಏರಿಸುವ ಹಳೆಯ ಚಾಳಿ ಇನ್ನೂ ಪೂರ್ತಿ ಸತ್ತಿಲ್ಲ. ಉಬರ್, ಲಿಫ್ಟ್ ಆ್ಯಪ್‌ಗಳ ಕಾರುಗಳು ಸಾಮಾನ್ಯವಾಗಿ ಅಗ್ಗ, ಆದರೆ ದೊಡ್ಡ ಸಂಗೀತ ಕಾರ್ಯಕ್ರಮ ಬಿಟ್ಟ ಹೊತ್ತಿನಲ್ಲಿ ದರ ಹಾರಿರುತ್ತದೆ. ಆಗ ಟ್ಯಾಕ್ಸಿಯೇ ವಾಸಿ.

ಸ್ಟ್ರಿಪ್ ಸುಮಾರು 6.8 ಕಿಲೋಮೀಟರ್ ಉದ್ದ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಎದುರಿಗೆ ಕಾಣುವ ಹೋಟೆಲು ಪಕ್ಕದಲ್ಲೇ ಇದೆ ಎಂದುಕೊಳ್ಳುವುದು. ಕಟ್ಟಡಗಳು ಅಷ್ಟು ದೊಡ್ಡವು, ಕಣ್ಣಿಗೆ ದೂರವೇ ತಿಳಿಯುವುದಿಲ್ಲ. ಮೆಟ್ಟಿಲು, ಸೇತುವೆ, ಕ್ಯಾಸಿನೊದ ಸುತ್ತು ದಾರಿ ಎಲ್ಲ ಸೇರಿ ಹತ್ತು ನಿಮಿಷದ್ದು ಅರ್ಧ ಗಂಟೆಯಾಗುತ್ತದೆ. ಹೊಸ ಶೂ ಹಾಕಿಕೊಂಡು ಹೋಗಬೇಡಿ.

ಡ್ಯೂಸ್ ಎಂಬ ಡಬಲ್ ಡೆಕರ್ ಬಸ್ಸು ಸ್ಟ್ರಿಪ್‌ನಿಂದ ಹಳೆಯ ಪೇಟೆಯವರೆಗೆ ದಿನದ 24 ಗಂಟೆಯೂ ಓಡುತ್ತದೆ. ಅದರ ಒಂದು ದಿನದ ಪಾಸು ಒಂದು ಟ್ಯಾಕ್ಸಿ ಸವಾರಿಗಿಂತ ಅಗ್ಗ. ಮ್ಯಾಂಡಲೇ ಬೇ–ಲಕ್ಸರ್–ಎಕ್ಸ್‌ಕ್ಯಾಲಿಬರ್ ನಡುವೆ ಒಂದು, ಪಾರ್ಕ್ ಎಂಜಿಎಂ–ಆರಿಯಾ–ಬೆಲ್ಲಾಜಿಯೊ ನಡುವೆ ಇನ್ನೊಂದು, ಹೀಗೆ ಎರಡು ಉಚಿತ ಟ್ರಾಮುಗಳಿವೆ. ಮೊನೊರೈಲು ಉಚಿತವಲ್ಲ.

ಪಾದಚಾರಿ ಸೇತುವೆಯ ಮೇಲೆ ನಿಂತು ಫೋಟೊ ತೆಗೆಯಬೇಡಿ. ಅಲ್ಲಿ ನಿಲ್ಲುವುದನ್ನೇ 2024ರ ಜನವರಿಯಲ್ಲಿ ಅಪರಾಧವನ್ನಾಗಿ ಮಾಡಿದ್ದಾರೆ, ದಂಡ ಸಾವಿರ ಡಾಲರ್‌ವರೆಗೆ ಹೋಗಬಹುದು. ಗರಿ ಕಟ್ಟಿಕೊಂಡ ಹುಡುಗಿಯರು, ಕಾರ್ಟೂನ್ ವೇಷದವರು ಪಕ್ಕಕ್ಕೆ ಬಂದು ನಿಂತರೆ ಫೋಟೊಗೆ ದುಡ್ಡು ಕೇಳುತ್ತಾರೆ. ‘ಶೋ ಟಿಕೆಟ್ ಉಚಿತ’ ಎಂದು ಕರೆಯುವ ಕೌಂಟರುಗಳ ಹಿಂದೆ ಟೈಮ್‌ಶೇರ್ (ರಜೆ ಕಳೆಯುವ ಮನೆಯಲ್ಲಿ ವರ್ಷಕ್ಕೆ ಕೆಲವು ದಿನದ ಪಾಲು) ಮಾರುವವರಿದ್ದಾರೆ. ಆ ಟಿಕೆಟಿಗಾಗಿ ಅವರ ಮಾತು ಕೇಳುತ್ತ ಅರ್ಧ ದಿನ ಹೋಗುತ್ತದೆ.

ದುಡ್ಡಿಲ್ಲದೆ ನೋಡುವುದು

ಹಳೆಯ ಪಟ್ಟಿಗಳನ್ನು ನಂಬಿ ಹೋಗಬೇಡಿ. ಮಿರಾಜ್ ಹೋಟೆಲಿನ ಜ್ವಾಲಾಮುಖಿ ಈಗಲೂ ಹಲವು ಪಟ್ಟಿಗಳಲ್ಲಿ ಉರಿಯುತ್ತಲೇ ಇದೆ. ಹೋಟೆಲು 2024ರ ಜುಲೈಯಲ್ಲೇ ಬಾಗಿಲು ಹಾಕಿತು. ಟ್ರಾಪಿಕಾನಾ ಹೋಟೆಲನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಸಿಡಿಸಿ ಕೆಡವಿದರು.

ಈಗಲೂ ನೋಡಬೇಕಾದದ್ದು ಬೆಲ್ಲಾಜಿಯೊದ ಕಾರಂಜಿ. ಮೈಸೂರಿನ ಬೃಂದಾವನ ನೋಡಿದವರು ‘ಇದೇನು ಮಹಾ’ ಎಂದು ಹೊರಟರೂ ಅಲ್ಲಿ ಎರಡು ಹಾಡು ಮುಗಿಯುವವರೆಗೆ ಕದಲುವುದಿಲ್ಲ. ಸಂಜೆಗತ್ತಲಾದ ಮೇಲೆ ಕಾಲು ಗಂಟೆಗೊಮ್ಮೆ, ಅದಕ್ಕೂ ಮೊದಲು ಅರ್ಧ ಗಂಟೆಗೊಮ್ಮೆ. ಗಾಳಿ ಜೋರಾಗಿದ್ದರೆ ನಿಲ್ಲಿಸುತ್ತಾರೆ. ಅದೇ ಹೋಟೆಲಿನ ಒಳಗಿನ ಹೂದೋಟವನ್ನು ವರ್ಷಕ್ಕೆ ಐದು ಸಲ ಬದಲಿಸುತ್ತಾರೆ. ಬದಲಿಸುವ ದಿನಗಳಲ್ಲಿ ಹೋದರೆ ಕಾಣುವುದು ಮಣ್ಣು, ಏಣಿ ಮಾತ್ರ. 2023ರ ಸೆಪ್ಟೆಂಬರಿನಲ್ಲಿ ತೆರೆದ ಸ್ಫಿಯರ್ ಎಂಬ ಗೋಳವನ್ನು ದೂರದಿಂದಲೇ ನೋಡಿ. ಅದರ ಮೈಮೇಲಿನ ದೀಪಗಳು ಒಂದಕ್ಕೊಂದು ಗೇಣುದೂರದಲ್ಲಿವೆ, ಬುಡಕ್ಕೆ ಹೋದರೆ ಚಿತ್ರ ಹೋಗಿ ಚುಕ್ಕೆಗಳಷ್ಟೇ ಉಳಿಯುತ್ತವೆ. ಒಂದು ರಾತ್ರಿ ಹಳೆಯ ಪೇಟೆಯ ಫ್ರೀಮಾಂಟ್ ಬೀದಿಗೆ ಮೀಸಲಿಡಿ. ನಾಲ್ಕು ಬೀದಿಗಳಷ್ಟು ಉದ್ದದ ಚಾವಣಿಯೇ ಪರದೆ. ಗದ್ದಲ ಮಾತ್ರ ಜಾತ್ರೆಯದ್ದೇ, ಬಟ್ಟೆ ಕಡಿಮೆಯಿರುವ ವೇಷಗಳೂ ಹೆಚ್ಚು. ಹಿರಿಯರು, ಮಕ್ಕಳು ಜೊತೆಗಿದ್ದರೆ ಕತ್ತಲಾದ ಕೂಡಲೇ ಹೋಗಿ ಬೇಗ ಬಂದುಬಿಡಿ.

ಆಡಲೇಬೇಕೆಂದರೆ

21 ತುಂಬಿರಬೇಕು, ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಮಕ್ಕಳು ಜೂಜಿನ ಅಂಗಳವನ್ನು ಹಾದುಹೋಗಬಹುದು, ನಿಲ್ಲುವಂತಿಲ್ಲ.

ಸೋಲನ್ನು ಗಂಟೆಯ ಬಾಡಿಗೆಯಂತೆ ಮೊದಲೇ ಲೆಕ್ಕ ಹಾಕಿ. ರೂಲೆಟ್ (ಗೋಲಿ ಯಾವ ಅಂಕಿಯ ಮನೆಗೆ ಬೀಳುತ್ತದೆಂದು ಹಣ ಕಟ್ಟುವ ಆಟ) ಚಕ್ರದಲ್ಲಿ ಹಸಿರು ಮನೆಗಳು, ಅಂದರೆ ಸೊನ್ನೆಯ ಮನೆಗಳು, ಎಷ್ಟು ಎಂದು ಎಣಿಸಿ. ಒಂದೇ ಸೊನ್ನೆ ಇದ್ದರೆ ಕಟ್ಟಿದ ಹಣದಲ್ಲಿ ಸರಾಸರಿ ಶೇ 2.70 ಕ್ಯಾಸಿನೊಗೆ, ಎರಡಿದ್ದರೆ ಶೇ 5.26, ಮೂರಿದ್ದರೆ ಶೇ 7.69. ಒಂದು ಸುತ್ತಿಗೆ 15 ಡಾಲರ್‌ನಂತೆ ಗಂಟೆಗೆ 40 ಸುತ್ತು ಆಡಿದರೆ ಕಟ್ಟಿದ್ದು 600 ಡಾಲರ್. ಸರಾಸರಿ ಬಾಡಿಗೆ ಕ್ರಮವಾಗಿ 16, 32, 46 ಡಾಲರ್. ಚಕ್ರ ಒಂದೇ ಥರ ತಿರುಗುತ್ತದೆ, ಬಾಡಿಗೆ ಮಾತ್ರ ಹೆಚ್ಚುಕಡಿಮೆ ಮೂರು ಪಟ್ಟು.

ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟ್ ಆಟದಲ್ಲಿ ಮೇಜಿನ ಬಟ್ಟೆಯ ಮೇಲೆ ಅಚ್ಚಾಗಿರುವ ಸಾಲನ್ನು ಓದಿ. 3ಕ್ಕೆ 2 ಎಂದಿದ್ದರೆ ಹತ್ತು ಡಾಲರ್ ಕಟ್ಟಿ ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡೇ ಎಲೆಗೆ 21) ಬಿದ್ದಾಗ 15 ಸಿಗುತ್ತದೆ. 6ಕ್ಕೆ 5 ಎಂದಿದ್ದರೆ 12. ಸಂಖ್ಯೆ ದೊಡ್ಡದಾಗಿ ಕಂಡು ಎರಡನೆಯದೇ ಲಾಭವೆಂದು ಕೂರುವವರು ತುಂಬ. ಸ್ಲಾಟ್ ಯಂತ್ರದ ಮೇಲೆ ‘1 ಸೆಂಟ್’ ಎಂದು ಬರೆದಿದ್ದರೂ ಒಂದು ಒತ್ತಿಗೆ ಕನಿಷ್ಠ 88 ಸೆಂಟ್ ಹೋಗುವ ಯಂತ್ರಗಳಿವೆ. ಗಂಟೆಗೆ 500 ಒತ್ತಿದರೆ 440 ಡಾಲರ್ ಆಡಿದಂತೆ, ಅದರಲ್ಲಿ ಯಂತ್ರ ಹತ್ತು ಪರ್ಸೆಂಟ್ ಉಳಿಸಿಕೊಂಡರೂ 44 ಡಾಲರ್ ಖಾಲಿ.

ಒಂದು ದಿನಕ್ಕೆ ಇಷ್ಟೇ ಎಂದು ನೋಟನ್ನು ಲಕೋಟೆಗೆ ಹಾಕಿ, ಕಾರ್ಡುಗಳನ್ನು ರೂಮಿನ ತಿಜೋರಿಯಲ್ಲಿಟ್ಟು ಕೆಳಗಿಳಿಯಿರಿ. ಕ್ಯಾಸಿನೊದ ಎಟಿಎಂ ಶುಲ್ಕ ದುಬಾರಿ, ಅಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಬಡ್ಡಿ ಆ ಕ್ಷಣದಿಂದಲೇ.

ಪ್ರವಾಸಿ ವೀಸಾದಲ್ಲಿ ಬಂದ ತಂದೆ ತಾಯಿಗೆ ಸ್ಲಾಟ್‌ನಲ್ಲಿ ದೊಡ್ಡ ಜಾಕ್‌ಪಾಟ್ ಹೊಡೆದರೆ ಶೇ 30 ತೆರಿಗೆಯನ್ನು ಅಲ್ಲೇ ಮುರಿದುಕೊಂಡು ಕೊಡುತ್ತಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಬ್ಲ್ಯಾಕ್‌ಜ್ಯಾಕ್, ರೂಲೆಟ್, ಬ್ಯಾಕರಾಗಳ ಗೆಲುವಿಗೆ ಮಾತ್ರ ಅನಿವಾಸಿಗಳಿಗೆ ಈ ಕಡಿತವಿಲ್ಲ.

ಊರ ಹೊರಗೆ

ಹೂವರ್ ಅಣೆಕಟ್ಟು ಮುಕ್ಕಾಲು ಗಂಟೆಯ ದಾರಿ. ಮೇಲೆ ನಡೆದಾಡುವುದು ಉಚಿತ. ನೆವಾಡಾ ಬದಿಯ ಪಾರ್ಕಿಂಗ್ ಕಟ್ಟಡಕ್ಕೆ ಶುಲ್ಕ, ಅಣೆಕಟ್ಟು ದಾಟಿ ಅರಿಜೋನಾ ಬದಿಗೆ ಹೋದರೆ ಉಚಿತ ಜಾಗವಿದೆ. ರೆಡ್ ರಾಕ್ ಕಣಿವೆ ಇನ್ನೂ ಹತ್ತಿರ. ಅಕ್ಟೋಬರಿನಿಂದ ಮೇವರೆಗೆ ಅಲ್ಲಿಗೆ ಸಮಯ ಕಾಯ್ದಿರಿಸದೆ ಹೋದರೆ ಗೇಟಿನಿಂದಲೇ ವಾಪಸ್ಸು.

ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯ ವಿಷಯದಲ್ಲಿ ಗೊಂದಲ ಬೇಡ. ಎರಡು ಎರಡೂವರೆ ಗಂಟೆಯ ವೆಸ್ಟ್ ರಿಮ್ ಹುವಾಲಪೈ ಬುಡಕಟ್ಟಿನವರ ನೆಲ, ಗಾಜಿನ ಸ್ಕೈವಾಕ್ ಇರುವುದು ಅಲ್ಲಿ. ರಾಷ್ಟ್ರೀಯ ಉದ್ಯಾನದ ಪಾಸು ಅಲ್ಲಿ ನಡೆಯುವುದಿಲ್ಲ. ಫೋಟೊಗಳಲ್ಲಿ ನೋಡಿದ ಆ ಪ್ರಸಿದ್ಧ ಸೌತ್ ರಿಮ್‌ಗೆ ಒಂದು ಕಡೆಗೇ ನಾಲ್ಕೂವರೆ ಗಂಟೆ. ಒಂದೇ ದಿನದಲ್ಲಿ ಹೋಗಿ ಬರುವುದು ಹಿರಿಯರಿಗೆ ಶಿಕ್ಷೆ. 2026ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಅಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕವೂ ಇದೆ. ಚಳಿಗಾಲದಲ್ಲಿ ಅರಿಜೋನಾದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಟಿಕೆಟಿನ ವೇಳೆ ನೋಡುವಾಗ ನೆನಪಿರಲಿ.

ಹೊರಡುವ ದಿನ

ಚೆಕ್ ಔಟ್ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ. ಹಿಂದಿನ ರಾತ್ರಿಯೇ ಟಿವಿಯಲ್ಲೋ ಆ್ಯಪ್‌ನಲ್ಲೋ ಬಿಲ್ಲು ತೆರೆದು ನೋಡಿ. ಮುಟ್ಟದ ಮಿನಿಬಾರಿನ ಸಾಲು ಕಂಡರೆ ಕೌಂಟರಿಗೆ ಹೋಗಿ ಹೇಳಿದರೆ ತೆಗೆಯುತ್ತಾರೆ. ಮನೆ ಸೇರಿದ ಮೇಲೆ ಫೋನಿನಲ್ಲಿ ತೆಗೆಸುವುದು ಕಷ್ಟ. ಸಾಮಾನನ್ನು ಹೋಟೆಲಿನ ಬೆಲ್ ಡೆಸ್ಕಿನಲ್ಲಿ (ಸಾಮಾನು ನೋಡಿಕೊಳ್ಳುವ ಕೌಂಟರು) ಇಟ್ಟು ಸಂಜೆಯವರೆಗೆ ಓಡಾಡಬಹುದು, ಚೀಲಕ್ಕೆ ಒಂದೆರಡು ಡಾಲರ್ ಟಿಪ್ಸ್ ಸಾಕು.

ಕ್ಯಾಲಿಫೋರ್ನಿಯಾಕ್ಕೆ ಕಾರಿನಲ್ಲಿ ಮರಳುವವರು ಪೆಟ್ರೋಲನ್ನು ನೆವಾಡಾದಲ್ಲೇ ತುಂಬಿಸಿಕೊಳ್ಳಿ, ಗಡಿ ದಾಟಿದರೆ ಬೆಲೆ ಏರುತ್ತದೆ. ಭಾನುವಾರವೇ ಹೊರಡಬೇಕಾಗಿ ಬಂದರೆ ಬೆಳಿಗ್ಗೆ ಎಂಟರೊಳಗೆ ಹೊರಡಿ. ಹನ್ನೊಂದಾದರೆ ಪ್ರಿಮ್ ಹತ್ತಿರ ರಾಜ್ಯದ ಗಡಿಯಲ್ಲಿ ಐ–15 ಹೆದ್ದಾರಿ ನಿಂತೇಬಿಡುತ್ತದೆ, ಅಲ್ಲಿಂದ ಬಾರ್‌ಸ್ಟೋವರೆಗೆ ಮರುಭೂಮಿಯ ನಡುವೆ ಶೌಚಾಲಯಗಳೂ ದೂರ ದೂರ.